ರಬ್ಬರ್ ಹಾಕುವ ಮೊದಲು ಕಾಯಿಲ್ ಪೆಟ್ಟಿಗೆ ತೆರೆಯಿರಿ

ಪ್ರಶ್ನೆ: ನಮ್ಮ ತಾತ ಕೊಂಡಿದ್ದ 1926ರ ಫೋರ್ಡ್ ಮಾಡೆಲ್ ಟಿ ಈಗಲೂ ಓಡುತ್ತದೆ. ಹೋದ ವರ್ಷ ಒಂದು ಪಿಸ್ಟನ್ ಒಡೆದು, ಅದೊಂದನ್ನೇ ಅಲ್ಯೂಮಿನಿಯಂನದು ಹಾಕಿಸಿದೆವು. ಈಗ ನಿಂತಲ್ಲೇ ಗಾಡಿ ಕುಲುಕುತ್ತದೆ. 50 ಕಿ.ಮೀ. ವೇಗ ಮುಟ್ಟಿದರೆ ಸ್ಟೀರಿಂಗ್ ಹಿಡಿದ ಕೈ ಜುಮ್ಮೆನ್ನುತ್ತದೆ. ಎಂಜಿನ್ ಅಡಿಗೆ ರಬ್ಬರ್ ಮೌಂಟ್ ಹಾಕಿ ಎನ್ನುತ್ತಾರೆ ಮೆಕ್ಯಾನಿಕ್. ಹಾಕಿಸಲೇ?

ಉತ್ತರ: ಖಂಡಿತ ಬೇಡ. 1931ರಲ್ಲಿ ಪ್ಲಿಮತ್ ಕಾರು ಎಂಜಿನ್ನನ್ನು ರಬ್ಬರ್ ಮೇಲೆ ಕೂರಿಸಿ ಹೆಸರು ಮಾಡಿತು, ನಿಜ. ಆದರೆ ಮಾಡೆಲ್ ಟಿಯ ಕಟ್ಟೋಣವೇ ಬೇರೆ. ಹಿಂಬದಿ ಆಕ್ಸಲ್‌ನ ತಳ್ಳು ಗೇರ್‌ಬಾಕ್ಸ್ ಹಿಂದಿನ ಬಾಲ್ ಕ್ಯಾಪ್‌ಗೆ (ಗುಂಡು ಕೀಲಿನ ಮುಚ್ಚಳಕ್ಕೆ) ಬಂದು ತಾಗುತ್ತದೆ; ಮುಂದಿನ ಆಕ್ಸಲ್‌ನ ರಾಡೂ ಎಂಜಿನ್ ತಳಕ್ಕೇ ಬಿಗಿದಿದೆ. ಎಂಜಿನ್ ತೂಗಾಡಿದರೆ ಎರಡು ಆಕ್ಸಲ್‌ಗಳೂ ಜೊತೆಗೆ ತೂಗಾಡುತ್ತವೆ.

ನಿಮ್ಮ ಗಾಡಿಗೆ ಬಂದಿರುವುದು ಬಹುಶಃ ಎರಡು ಬೇರೆ ಬೇರೆ ಕಾಯಿಲೆ. ನಿಂತಾಗಿನ ಕುಲುಕಾಟ ಒಂದು ಸಿಲಿಂಡರ್ ಸರಿಯಾಗಿ ಉರಿಯದ್ದರಿಂದ ಇರಬೇಕು. ಎಂಜಿನ್ ನಿಧಾನಕ್ಕೆ ಓಡುತ್ತಿರಲಿ. ಕಾಯಿಲ್ ಪೆಟ್ಟಿಗೆಯಲ್ಲಿ ಸಿಲಿಂಡರಿಗೊಂದರಂತೆ ಕಿಡಿ ಹುಟ್ಟಿಸುವ ನಾಲ್ಕು ಕಾಯಿಲ್ ಗುಂಯ್‌ಗುಡುತ್ತಿರುತ್ತವಲ್ಲ, ಅದರಲ್ಲಿ 2 ಮತ್ತು 3ನೆಯದರ ಮೇಲೆ ಅದುರುವ ಲೋಹದ ನಾಲಗೆಗಳನ್ನು ಒಣಗಿದ ಮರದ ಕಡ್ಡಿಯಿಂದ ಒತ್ತಿ ಹಿಡಿಯಿರಿ. (ಹಳಬರು ಬೆರಳಲ್ಲೇ ಒತ್ತುತ್ತಿದ್ದರು. ನಾನೂ ಒಮ್ಮೆ ಒತ್ತಿ ಮೊಣಕೈವರೆಗೆ ಹೊಡೆಸಿಕೊಂಡೆ.) ಉರಿಯುವ ಕ್ರಮ 1-2-4-3 ಆದ್ದರಿಂದ 1 ಮತ್ತು 4ರಲ್ಲೇ ಎಂಜಿನ್ ಸಮನಾಗಿ ಓಡಬೇಕು. ಆಮೇಲೆ 1 ಮತ್ತು 4ನ್ನು ಒತ್ತಿ ನೋಡಿ. ಯಾವ ಜೋಡಿಯಲ್ಲಿ ಎಡವುತ್ತದೋ ಅಲ್ಲೇ ದೋಷ. ಎಂಜಿನ್ ನಿಲ್ಲಿಸಿ, ಅನುಮಾನದ ಕಾಯಿಲನ್ನು ಇನ್ನೊಂದರ ಜಾಗಕ್ಕೆ ಹಾಕಿ. ತೊಂದರೆಯೂ ಜೊತೆಗೆ ಹೋದರೆ ಕಾಯಿಲ್ ಕೆಟ್ಟಿದೆ. ನಾಲಗೆ ಒತ್ತಿ ಹಿಡಿದಾಗ ಪಾಯಿಂಟ್ (ಕರೆಂಟ್ ಕೂಡಿಸಿ ಕಡಿಯುವ ಎರಡು ಮೊನೆ) ನಡುವಿನ ಸಂದು ಸುಮಾರು 0.8 ಮಿ.ಮೀ. ಇದೆಯೇ ನೋಡಿ. ಕಾಯಿಲ್ ಬದಲಿಸಿದರೂ ತೊಂದರೆ ಮೊದಲಿನ ಸಿಲಿಂಡರಿನಲ್ಲೇ ಉಳಿದರೆ ಪ್ಲಗ್, ವೈರ್, ಸವೆದ ಟೈಮರ್ (ಯಾವ ಕಾಯಿಲ್ ಯಾವಾಗ ಕಿಡಿ ಕೊಡಬೇಕೆಂದು ಹೇಳುವ ಭಾಗ), ಕಂಪ್ರೆಷನ್ ನೋಡಿ.

ಕೈ ಜುಮ್ಮೆನ್ನುವುದಕ್ಕೆ ನನ್ನ ಅನುಮಾನವೆಲ್ಲ ಆ ಒಂಟಿ ಪಿಸ್ಟನ್ ಮೇಲೆ. ಉಳಿದ ಮೂರು ಎರಕದ ಕಬ್ಬಿಣದವಾದರೆ ಇದು ಅವುಗಳಿಗಿಂತ ಬಹಳ ಹಗುರ. ವೇಗ ಎರಡರಷ್ಟಾದರೆ ಈ ತೂಕದ ವ್ಯತ್ಯಾಸದ ಎಳೆತ ನಾಲ್ಕರಷ್ಟಾಗುತ್ತದೆ. 25ರಲ್ಲಿ ಗೊತ್ತಾಗದ್ದು 50ರಲ್ಲಿ ಕೈಗೆ ಬರುವುದು ಅದಕ್ಕೇ. ಎಂಜಿನ್ ಕೆಳಗಿಳಿಸಬೇಕಿಲ್ಲ. ಹೆಡ್ ತೆಗೆದು, ಕೆಳಗಿನ ಮುಚ್ಚಳದಿಂದ ಪಿಸ್ಟನ್ ಹಿಡಿದ ರಾಡ್ ಬಿಚ್ಚಿ, ಪಿಸ್ಟನ್‌ಗಳನ್ನು ಮೇಲಕ್ಕೆ ತೆಗೆಯಬಹುದು. ನಾಲ್ಕೂ ಒಂದೇ ಬಗೆಯವನ್ನು ಹಾಕಿಸಿ. ಪಿನ್ನು, ರಿಂಗು ಸಮೇತ ತೂಗಿ, ಹೆಚ್ಚು ತೂಗುವವನ್ನು ಒಳಬದಿಯಲ್ಲಿ ಕೆರೆಸಿ, 2-3 ಗ್ರಾಂ ವ್ಯತ್ಯಾಸದೊಳಗೆ ತನ್ನಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ಸಾಕು. ರಾಡ್‌ಗಳನ್ನು ತೂಗುವಾಗ ಎರಡು ತುದಿಯನ್ನೂ ಬೇರೆ ಬೇರೆಯಾಗಿ ತೂಗಿ.

ಇಷ್ಟಾದರೂ ಸಣ್ಣ ನಡುಕ ಉಳಿಯುತ್ತದೆ. ಸಾಲಾಗಿ ನಾಲ್ಕು ಸಿಲಿಂಡರ್ ಇದ್ದಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳ ಏರಿಳಿತವನ್ನು ತಿರುಗುವಿಕೆಯಾಗಿಸುವ ಶಾಫ್ಟ್) ಒಂದು ಸುತ್ತಿಗೆ ಎರಡು ಸಲ ಅದುರುವುದು ಹುಟ್ಟುಗುಣ. ಫ್ರೆಡ್ರಿಕ್ ಲಾಂಚೆಸ್ಟರ್ ಇದಕ್ಕೆಂದೇ ಎರಡರಷ್ಟು ವೇಗದಲ್ಲಿ, ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗುವ ತೂಕಗಳನ್ನು ಜೋಡಿಸಿದ್ದರು. ಫೋರ್ಡ್ ಆ ಗೋಜಿಗೆ ಹೋಗಲಿಲ್ಲ.

ಎಂಜಿನ್ ತಳದ ಎರಡು ತೋಳುಗಳ ಬೋಲ್ಟ್‌ಗಳನ್ನೂ ಅವುಗಳ ಕೆಳಗಿನ ಮರದ ತುಂಡುಗಳನ್ನೂ ನೋಡಿ. ಮತ್ತೆ, ಮೂರೇ ಬೇರಿಂಗ್ ಮೇಲೆ ನಿಂತ ನಿಮ್ಮ ಕ್ರ್ಯಾಂಕ್‌ಶಾಫ್ಟ್‌ನ ದಪ್ಪ ಬೇರಿಂಗ್ ಕೂರುವಲ್ಲಿ 32 ಮಿ.ಮೀ. ಆಸುಪಾಸು; ಇಷ್ಟು ಸಪೂರ ಶಾಫ್ಟ್ ನಡುಕಕ್ಕೆ ಬಿರುಕು ಬಿಡಬಹುದು. ಪಿಸ್ಟನ್ ಸರಿಮಾಡಿದ ಮೇಲೂ ಜುಮ್ಮು ಹೋಗದಿದ್ದರೆ ಗಾಡಿ ಓಡಿಸಬೇಡಿ. ಶಾಫ್ಟ್ ತೆಗೆಸಿ ಬಿರುಕು ಪರೀಕ್ಷೆ ಮಾಡಿಸಿ.