ಹೊರಗೋಡೆಯ ಬಣ್ಣ ಎರಡೇ ವರ್ಷಕ್ಕೆ ಚಕ್ಕೆ ಏಳ್ತಿದೆ, ಪುಟ್ಟಿ ಎಳೆದು ಮತ್ತೆ ಹೊಡೆಸಿದರೆ ಸಾಕಾ?

ನಿಮ್ಮ ಪ್ರಶ್ನೆಯಲ್ಲಿ ಎರಡು ಮನೆಗಳಿವೆ. ಒಂದು, ದಾವಣಗೆರೆಯಲ್ಲಿ ನೀವಿರುವ ಮನೆ. ಎರಡು ವರ್ಷದ ಹಿಂದೆ ದುಬಾರಿ ಎಮಲ್ಷನ್ ಹೊಡೆಸಿದ್ದೀರಿ, ಈಗ ಕಾಂಪೌಂಡಿಗೂ ಹಿಂದಿನ ಗೋಡೆಗೂ ಮಂಡಿಯೆತ್ತರದವರೆಗೆ ಚಕ್ಕೆ ಎದ್ದು ಬಿಳಿ ಪುಡಿ ಉದುರುತ್ತಿದೆ. ನೋಡಲು ಬಂದ ಪೇಂಟರ್ "ಕೆರೆದು ಪುಟ್ಟಿ ಎಳೆದು, ಮೇಲೆ ಡ್ಯಾಂಪ್‌ಪ್ರೂಫ್ ಎರಡು ಕೋಟು ಹೊಡೆದರೆ ಆಯ್ತು" ಅಂದಿದ್ದಾರೆ. ದುಗ್ಗಮ್ಮನ ಜಾತ್ರೆಯೊಳಗೆ ಮುಗಿಯಬೇಕು ಅನ್ನೋದು ನಿಮ್ಮ ಆಸೆ. ಇನ್ನೊಂದು, ಚಿತ್ರದುರ್ಗದ ಕಡೆ ಹಳ್ಳಿಯಲ್ಲಿರುವ ಅಜ್ಜನ ಕಾಲದ ಕಲ್ಲು-ಮಣ್ಣಿನ ಮನೆ. ಅದಕ್ಕೂ ಇದೇ ಬಣ್ಣ ಹೊಡೆಸಬಹುದಾ ಅಂತ ಕೇಳಿದ್ದೀರಿ.

ನಾನು ದಾವಣಗೆರೆಯಲ್ಲಿ ಬಣ್ಣದ ಕೆಲಸವನ್ನೇ ಗುತ್ತಿಗೆ ಹಿಡಿದು ಮಾಡಿಸುವವನು. ನೇರವಾಗಿ ಹೇಳ್ತೀನಿ, ಪುಟ್ಟಿ ಮತ್ತು ಡ್ಯಾಂಪ್‌ಪ್ರೂಫ್ ಕೆಲಸವನ್ನು ಈಗ ಒಪ್ಪಿಕೊಳ್ಳಬೇಡಿ. ನಿಮ್ಮ ಗೋಡೆಗೆ ಬಣ್ಣ ಕಮ್ಮಿಯಾಗಿಲ್ಲ, ನೀರು ಜಾಸ್ತಿಯಾಗಿದೆ.

ಎದ್ದಿರುವ ಒಂದು ಗುಳ್ಳೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬಣ್ಣದ ಪದರ ಅಖಂಡವಾಗಿ ಕಿತ್ತು ಕೈಗೆ ಬರುತ್ತೆ, ಅದರ ಬೆನ್ನಿಗೆ ಪ್ರೈಮರ್ (ಬಣ್ಣಕ್ಕೆ ಮುಂಚೆ ಬಳಿಯುವ ಅಡಿಕೋಟು), ಅದಕ್ಕೆ ಅಂಟಿಕೊಂಡು ಗಾರೆಯ ಸಣ್ಣ ಮರಳು. ಒಳಗೆ ಹತ್ತಿಯ ಎಳೆಯ ಹಾಗೆ ಬೆಳ್ಳಗೆ ನವಿರಾಗಿ ಬೆಳೆದಿರೋದು ಉಪ್ಪು. ನಾಲಿಗೆಗೆ ಇಡಬೇಕಿಲ್ಲ, ಒದ್ದೆ ಬೆರಳಲ್ಲಿ ಮುಟ್ಟಿದರೆ ಕರಗಿ ಮಾಯವಾಗೋದೇ ಸಾಕ್ಷಿ. ಬಣ್ಣ ಕಳಪೆಯಾಗಿದ್ದರೆ ಮೇಲಿನ ಪದರ ಸುಣ್ಣದಪುಡಿಯಂತಾಗಿ ಅಂಗೈಗೆ ಹತ್ತುತ್ತೆ, ಹೀಗೆ ಗಾರೆಯ ಸಮೇತ ಕಿತ್ತು ಬರಲ್ಲ.

ಆಗೋದು ಇಷ್ಟೇ. ನೆಲದ ತೇವ ಇಟ್ಟಿಗೆ, ಗಾರೆಗಳ ಸಣ್ಣ ರಂಧ್ರಗಳಲ್ಲಿ ಮೇಲೇರುತ್ತೆ. ಏರುವಾಗ ಮಣ್ಣಿನ ಉಪ್ಪು, ಸಿಮೆಂಟಿನ ಉಪ್ಪು, ಕಟ್ಟುವಾಗ ಸುರಿದ ಬೋರ್‌ವೆಲ್ ನೀರಿನ ಉಪ್ಪು ಎಲ್ಲವನ್ನೂ ಕರಗಿಸಿ ಹೊತ್ತು ತರುತ್ತೆ. ನಮ್ಮ ಕಡೆ ಬೋರಿನ ನೀರು ಎಷ್ಟು ಗಡಸು ಅಂತ ನಿಮ್ಮ ಮನೆಯ ಗೀಸರ್ ನೋಡಿದರೇ ಗೊತ್ತಾಗುತ್ತೆ. ಗೋಡೆಯ ಮೇಲ್ಮೈಗೆ ಬಂದಮೇಲೆ ನೀರು ಆರಿಹೋಗುತ್ತೆ, ಉಪ್ಪು ಅಲ್ಲೇ ಹರಳುಗಟ್ಟುತ್ತೆ. ಹರಳು ಬೆಳೆಯುವ ಒತ್ತಡಕ್ಕೆ ಬಣ್ಣವೂ ಸಡಿಲ ಗಾರೆಯೂ ಎದ್ದುಬರುತ್ತವೆ. ಇದನ್ನೇ ಮೇಸ್ತ್ರಿಗಳು ಸವಳು ಹತ್ತಿದೆ ಅನ್ನೋದು.

ಇಂಥ ಗೋಡೆಯ ಮೇಲೆ ನೀರು ಬಿಡದ ದಪ್ಪ ಬಣ್ಣ ಬಳಿದರೆ ತೇವಕ್ಕೆ ಆರುವ ಜಾಗ ತಪ್ಪುತ್ತೆ. ಅದು ಇನ್ನೂ ಮೇಲೇರಿ, ಡ್ಯಾಂಪ್‌ಪ್ರೂಫ್ ಎಲ್ಲಿ ಮುಗಿದಿದೆಯೋ ಅದರ ಮೇಲಿಂದ ಒಡೆಯುತ್ತೆ. ಮಂಡಿಯೆತ್ತರದ ತೊಂದರೆ ಸೊಂಟದೆತ್ತರಕ್ಕೆ ಹೋಗಿರುವ ಮನೆಗಳು ವಿದ್ಯಾನಗರ, ನಿಟುವಳ್ಳಿ ಕಡೆ ಬೇಕಾದಷ್ಟು ನೋಡಿದ್ದೇನೆ. ಪ್ರತಿ ಬಾರಿಯೂ ಮನೆಯವರು ಹಿಂದಿನದಕ್ಕಿಂತ ದುಬಾರಿ ಡಬ್ಬಿ ತಂದಿರುತ್ತಾರೆ. ಕಷ್ಟಪಟ್ಟು ದುಡಿದ ದುಡ್ಡು ಹೀಗೆ ಗೋಡೆಗುಂಟ ಉದುರೋದನ್ನು ನೋಡಿದರೆ ನನಗೆ ಸಂಕಟ ಆಗುತ್ತೆ.

ಮೊದಲು ನೀರು ಎಲ್ಲಿಂದ ಬರ್ತಿದೆ ಹುಡುಕಿ. ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಒಳಬದಿಗೆ ಹನಿ ಕಟ್ಟಿದರೆ ಗೋಡೆಯೊಳಗೇ ತೇವ ಇದೆ ಅಂತ ಅರ್ಥ. ಆಮೇಲೆ ಗೋಡೆಗುಂಟ ಒಂದು ಸುತ್ತು ಹಾಕಿ. ದಾಸವಾಳ, ತುಳಸಿ ಅಂತ ಕಾಂಪೌಂಡಿಗೆ ಒತ್ತಿ ಮಣ್ಣು ಏರಿಸಿದ್ದೀರಾ? ಬಹಳ ಕಡೆ ಇದೇ ಮೂಲ. ಸೈಜುಗಲ್ಲಿನ ಪಾಯದ ಮೇಲೆ ತೇವ ತಡೆಯಲು ಕಾಂಕ್ರೀಟ್ ಪಟ್ಟಿ ಹಾಕಿರುತ್ತಾರೆ, ನಾವು ಅದರ ಮೇಲಕ್ಕೆ ಮಣ್ಣು ತುಂಬಿ ದಿನಾ ನೀರು ಹಾಕ್ತೀವಿ. ಮಣ್ಣನ್ನು ಆ ಪಟ್ಟಿಗಿಂತ ಅರ್ಧ ಅಡಿಯಾದರೂ ಕೆಳಗಿಳಿಸಿ. ತಾರಸಿಯಿಂದ ಇಳಿಯುವ ಪೈಪಿನ ಜಾಯಿಂಟು, ಹೊರಗಿನ ನಲ್ಲಿ, ಬಟ್ಟೆ ಒಗೆಯುವ ಕಲ್ಲು ನೋಡಿ. ಮನೆ ಸುತ್ತಲಿನ ನೆಲ ಗೋಡೆಯಿಂದ ಆಚೆಗೆ ಇಳಿಜಾರಾಗಿರಬೇಕು. ಎಷ್ಟೋ ಮನೆಯಲ್ಲಿ ಅದು ಗೋಡೆ ಕಡೆಗೇ ವಾಲಿರುತ್ತೆ.

ಕಾಂಪೌಂಡಿನ ನೆತ್ತಿಯನ್ನು ಯಾರೂ ನೋಡಲ್ಲ. ಸಪಾಟಾಗಿ ಗಾರೆ ಎಳೆದು ಬಿಟ್ಟಿದ್ದರೆ ಮಳೆನೀರು ಅಲ್ಲೇ ನಿಂತು ಎರಡು ಕಡೆಗೂ ಒಳಗಿಳಿಯುತ್ತೆ. ನೆತ್ತಿಗೆ ಇಳಿಜಾರು ಕೊಟ್ಟು, ಅಂಚು ಗೋಡೆಯಿಂದ ಒಂದೆರಡು ಇಂಚು ಮುಂದೆ ಚಾಚಿ, ಅಡಿಯಲ್ಲಿ ಉದ್ದಕ್ಕೂ ಸಣ್ಣ ಗಾಡಿ, ಅಂದರೆ ಕಾಲುವೆಯಂಥ ಗೀರು, ಹೊಡೆಸಿದರೆ ನೀರು ಗೋಡೆಗೆ ಹತ್ತದೆ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತೆ. ಕಿಟಕಿಯ ಸಜ್ಜೆಗೂ ಇದೇ ಮಾತು. ಸಜ್ಜೆ ಕೆಳಗಿನ ಕಪ್ಪು ಧಾರೆಗಳು ಆ ಗಾಡಿ ಇಲ್ಲದ್ದರಿಂದ ಬಂದವು.

ಇನ್ನು ಹಾಳಾದ ಭಾಗ. ಉಪ್ಪನ್ನು ನೀರು ಹಾಕಿ ತೊಳೆಯಬೇಡಿ, ಕರಗಿ ಮತ್ತೆ ಒಳಗೇ ಹೋಗುತ್ತೆ. ಒಣ ತಂತಿ ಬ್ರಷ್‌ನಲ್ಲಿ ಉಜ್ಜಿ, ಪುಡಿಯನ್ನು ಗುಡಿಸಿ ಆಚೆ ಹಾಕಿ. ತಟ್ಟಿದರೆ ಟೊಳ್ಳು ಶಬ್ದ ಬರುವ ಗಾರೆಯನ್ನು, ಕಲೆ ಇರುವ ಎತ್ತರಕ್ಕಿಂತ ಒಂದಡಿ ಮೇಲಿನವರೆಗೆ ಕಿತ್ತು, ಇಟ್ಟಿಗೆಯನ್ನು ಗಾಳಿ ಬಿಸಿಲಿಗೆ ಕೆಲವು ವಾರ ತೆರೆದಿಡಿ. ಹೊಸ ಗಾರೆಗೆ ಬೋರಿನ ನೀರು ಬೇಡ, ನಗರಪಾಲಿಕೆ ನಲ್ಲಿಯ ನೀರು ಹಿಡಿದಿಟ್ಟು ಬಳಸಿ. ಒಂದು ವಾರವಾದರೂ ಕ್ಯೂರಿಂಗ್ ಮಾಡಿ, ಅಂದರೆ ನೀರು ಹಾಕಿ ಗಾರೆಯನ್ನು ಒದ್ದೆಯಾಗಿಡಿ. ಗಾರೆ ಹಾಕಿ 28 ದಿನ ಕಳೆಯುವ ಮುಂಚೆ ಎಮಲ್ಷನ್ ಮುಟ್ಟಿಸಬೇಡಿ, ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ಸುಡುತ್ತೆ.

ಅಂದರೆ ಜಾತ್ರೆಯೊಳಗೆ ಕೆಳಭಾಗ ಮುಗಿಯಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಊರಿಂದ ನೆಂಟರು ಬರ್ತಾರೆ, ನಿಮ್ಮ ಆಸೆ ನನಗೂ ಅರ್ಥವಾಗುತ್ತೆ. ಆ ತಿಂಗಳಲ್ಲಿ ಊರಲ್ಲಿ ಪೇಂಟರ್ ಸಿಗೋದೇ ಕಷ್ಟ, ಸಿಕ್ಕವರೂ ಒಂದು ಮನೆಯ ಬಣ್ಣ ಆರುವ ಮುಂಚೆ ಇನ್ನೊಂದು ಮನೆಗೆ ಓಡ್ತಿರ್ತಾರೆ. ಗೋಡೆಯ ಮೇಲ್ಭಾಗವನ್ನು ಈಗ ಮಾಡಿಸಿ. ಕೆಳಗಿನ ಭಾಗಕ್ಕೆ ಸದ್ಯಕ್ಕೆ ಬರೀ ಸುಣ್ಣ ಹೊಡೆಸಿ. ಸುಣ್ಣ ತೇವವನ್ನು ಹೊರಗೆ ಬಿಡುತ್ತೆ, ಗೋಡೆ ಆರುತ್ತಾ ಹೋಗುತ್ತೆ. ಜಾತ್ರೆ ಆದಮೇಲೆ ಅದನ್ನು ಉಜ್ಜಿ ತೆಗೆದು, ಬೇಸಿಗೆಯ ಒಣಹವೆಯಲ್ಲಿ ಗಾರೆ ಕೆಲಸ ಹಿಡಿಸಿ.

ಮೇಲ್ಭಾಗಕ್ಕೆ ಜಾಸ್ತಿ ಹೇಳೋದಿಲ್ಲ. ಉತ್ತರದ ಗೋಡೆಯ ಹಸಿರು-ಕಪ್ಪು ಪಾಚಿಗೆ ಬ್ಲೀಚಿಂಗ್ ಪೌಡರ್ ಕಲಸಿದ ನೀರು ಬಳಿದು, ಹದಿನೈದಿಪ್ಪತ್ತು ನಿಮಿಷ ಬಿಟ್ಟು ಉಜ್ಜಿ ತೊಳೆಸಿ, ಪೂರ್ತಿ ಒಣಗಲಿ. ಅದರ ಜೊತೆ ಆಸಿಡ್ ಸೇರಿಸಲು ಯಾರನ್ನೂ ಬಿಡಬೇಡಿ, ಏಳುವ ಹೊಗೆ ಶ್ವಾಸಕೋಶಕ್ಕೆ ವಿಷ. ಮಂಡಕ್ಕಿ ಭಟ್ಟಿಗಳ ಹತ್ತಿರದ ಮನೆಯಾದರೆ ಮಸಿಯ ಜಿಡ್ಡು ಇರುತ್ತೆ, ಸೋಪಿನ ನೀರಲ್ಲಿ ತೊಳೆಯದೆ ಪ್ರೈಮರ್ ಹೊಡೆದರೆ ಹಿಡಿಯಲ್ಲ. ಹೊರಗಡೆಗೆ ಪುಟ್ಟಿ ಬೇಕೇಬೇಕು ಅಂದರೆ ಬಿಳಿ ಸಿಮೆಂಟಿನದೇ ಆಗಲಿ, ಅಕ್ರಿಲಿಕ್ ಪುಟ್ಟಿ ಒಳಗೋಡೆಗೆ ಮಾತ್ರ. ಕಾಂಪೌಂಡಿಗೆ ಪುಟ್ಟಿಯೇ ಬೇಡ ಅನ್ನೋದು ನನ್ನ ಅಭಿಪ್ರಾಯ.

ಬಣ್ಣಕ್ಕೆ ನೀರು ಬೆರೆಸುವಾಗ ನೀವೇ ಹತ್ತಿರ ನಿಂತುಕೊಳ್ಳಿ. ಹೊರಗೋಡೆ ಎಮಲ್ಷನ್ನಿಗೆ ಸಾಮಾನ್ಯವಾಗಿ ಲೀಟರಿಗೆ 400 ಮಿ.ಲೀ. ಆಸುಪಾಸು, ಆದರೂ ಡಬ್ಬಿಯ ಮೇಲೆ ಬರೆದಿರೋದೇ ಅಂತಿಮ. ಒಂದು ಕೋಟ್‌ಗೂ ಇನ್ನೊಂದಕ್ಕೂ ನಡುವೆ ನಾಲ್ಕರಿಂದ ಆರು ಗಂಟೆ ಬೇಕು. ನಮ್ಮ ಬಿಸಿಲಿಗೆ ಕಾದ ಗೋಡೆಯ ಮೇಲೆ ಬಣ್ಣ ಹರಡಿ ಕೂರುವ ಮುಂಚೆಯೇ ಒಣಗುತ್ತೆ, ಅದಕ್ಕೆ ಬೆಳಗ್ಗೆ ಪಡುವಣ ಗೋಡೆ, ಮಧ್ಯಾಹ್ನದ ಮೇಲೆ ಮೂಡಣ ಗೋಡೆ ಅಂತ ನೆರಳಿನ ಹಿಂದೆ ಕೆಲಸ ಸಾಗಬೇಕು.

ಬಿರುಕುಗಳ ಬಗ್ಗೆ ನೀವು ಬರೆದಿಲ್ಲ, ಆದರೆ ಎರೆಮಣ್ಣಿನ ಜಾಗವಾದರೆ ಕಾಂಪೌಂಡಿಗೆ ಓರೆ ಬಿರುಕು ಬಂದೇ ಬಂದಿರುತ್ತೆ. ಎರೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತೆ, ಪಾಯವೂ ಅದರ ಜೊತೆ ಆಡುತ್ತೆ. ಕೂದಲೆಳೆಯ ಬಿರುಕನ್ನು ಬಣ್ಣವೇ ಮುಚ್ಚುತ್ತೆ. ಅದಕ್ಕಿಂತ ದೊಡ್ಡದನ್ನು ವಿ ಆಕಾರಕ್ಕೆ ಕೊರೆದು ಕ್ರ್ಯಾಕ್ ಫಿಲ್ಲರ್ ತುಂಬಿಸಿ. ಬೆರಳು ತೂರುವಷ್ಟು ಬಿರುಕಿದ್ದರೆ ಪೇಂಟರನ್ನು ಬಿಟ್ಟು ಎಂಜಿನಿಯರನ್ನು ಕರೆಸಿ.

ಬಣ್ಣದ ಕೆಲಸಕ್ಕೆ ಒಳ್ಳೆಯ ಕಾಲ ದೀಪಾವಳಿ ಕಳೆದಮೇಲಿಂದ ಶಿವರಾತ್ರಿವರೆಗೆ. ನಮ್ಮ ಕಡೆ ಜೋರು ಮಳೆ ಬರೋದೇ ಸೆಪ್ಟೆಂಬರ್, ಅಕ್ಟೋಬರಲ್ಲಿ. ಮಹಾನವಮಿಗೆ ಅಂತ ಆ ಹೊತ್ತಲ್ಲೇ ಹೊಡೆಸಿದ ಬಣ್ಣ ಬಾಳಿಕೆ ಬರೋದು ಕಮ್ಮಿ. ಆಷಾಢದಲ್ಲಿ ಮಳೆ ಅಷ್ಟಿಲ್ಲದಿದ್ದರೂ ಗಾಳಿ ಧೂಳನ್ನು ತಂದು ಹಸಿ ಬಣ್ಣಕ್ಕೆ ಮೆತ್ತುತ್ತೆ, ಚಿತ್ರದುರ್ಗದ ಕಡೆಯಂತೂ ಕೇಳೋದೇ ಬೇಡ.

ಈಗ ಅಜ್ಜನ ಮನೆ. ಅದಕ್ಕೆ ಎಮಲ್ಷನ್ ಬೇಡ, ಸಿಮೆಂಟ್ ಗಾರೆಯೂ ಬೇಡ. ಕಲ್ಲು, ಮಣ್ಣು, ಸುಣ್ಣದ ಗಾರೆಯ ಗೋಡೆ ತೇವ ಕುಡಿದು ತೇವ ಬಿಡುತ್ತಲೇ ಇಷ್ಟು ವರ್ಷ ನಿಂತಿದೆ. ಮೇಲೆ ಸಿಮೆಂಟ್ ಬಳಿದರೆ ಒಳಗಿನ ಮಣ್ಣು ಒದ್ದೆಯಾಗಿಯೇ ಉಳಿದು, ಸಿಮೆಂಟು ಹಲಗೆಹಲಗೆಯಾಗಿ ಬೀಳುವಾಗ ಮಣ್ಣನ್ನೂ ಎಳೆದುಕೊಂಡು ಬೀಳುತ್ತೆ. ಕಿತ್ತುಹೋದ ಕಡೆ ಸುಣ್ಣ-ಮರಳಿನ ಗಾರೆಯಿಂದಲೇ ತೇಪೆ ಹಾಕಿಸಿ. ಆಮೇಲೆ ಸುಟ್ಟ ಸುಣ್ಣದ ಕಲ್ಲು ತಂದು ಹಿಂದಿನ ದಿನವೇ ನೀರಲ್ಲಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗೋಂದು ಮತ್ತು ಚೂರು ನೀಲಿ ಬೆರೆಸಿ. ಗೋಡೆಯನ್ನು ತುಸು ಒದ್ದೆ ಮಾಡಿಕೊಂಡು ಮೂರು ಸಲ ತೆಳ್ಳಗೆ ಹೊಡೆಸಿ. ಮೊದಲ ಸಲ ಪಾರದರ್ಶಕವಾಗಿ ಕಾಣುತ್ತೆ, ಗಾಬರಿಯಾಗಿ ದಪ್ಪ ಮಾಡಬೇಡಿ, ಒಣಗಿದಮೇಲೆ ಬೆಳ್ಳಗಾಗುತ್ತೆ. ಸುಣ್ಣ ಅರಳುವಾಗ ಕುದಿದು ಸಿಡಿಯುತ್ತೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಪ್ಲಾಸ್ಟಿಕ್ ಬಕೆಟ್ ಬೇಡ, ಕಬ್ಬಿಣದ ಡ್ರಮ್ ಇಟ್ಟುಕೊಳ್ಳಿ, ಕನ್ನಡಕ ಹಾಕದೆ ಹತ್ತಿರ ಹೋಗಬೇಡಿ, ಮಕ್ಕಳನ್ನಂತೂ ಆ ಕಡೆಗೇ ಬಿಡಬೇಡಿ.