ಓದುಗರ ಪ್ರಶ್ನೆ: ಡಿಶ್ ಎಲ್‌ಎನ್‌ಬಿಯಿಂದ ಬ್ರಹ್ಮಾಂಡದ ಬಿಸಿ ಅಳೆಯಬಹುದೇ?

ಪ್ರಶ್ನೆ: ಡಿಟಿಎಚ್ ಡಿಶ್‌ನ ಎಲ್‌ಎನ್‌ಬಿ (ಡಿಶ್‌ನ ಮುಂದೆ ಕೂತು ಸಂಕೇತ ಹಿಡಿದು ಹಿಗ್ಗಿಸುವ ಡಬ್ಬಿ) ಬಳಸಿ ವಿಶ್ವ ಹಿನ್ನೆಲೆ ವಿಕಿರಣದ ಉಷ್ಣತೆ ಅಳೆಯಲು ಆದೀತೇ? ಕಾಲೇಜಿನ ಪ್ರಾಜೆಕ್ಟ್‌ಗೆ ಬೇಕು.
– ಬಿ.ಎಸ್ಸಿ. ವಿದ್ಯಾರ್ಥಿಗಳು, ಗಂಗಾವತಿ

ಉತ್ತರ: ಪ್ರಯತ್ನಿಸಬಹುದು. ಈ ವಿಕಿರಣ ಮಹಾಸ್ಫೋಟದಿಂದ ಉಳಿದು ಎಲ್ಲ ದಿಕ್ಕಿನಿಂದ ಬರುವ ಮಂದ ಮೈಕ್ರೋವೇವ್. ಆದರೆ 2.725 ಕೆಲ್ವಿನ್ ಎಂಬ ಉತ್ತರ ಪುಸ್ತಕದಲ್ಲಿದೆ ಎಂದು ಲೆಕ್ಕವನ್ನು ಅದಕ್ಕೇ ಹೊಂದಿಸಬೇಡಿ. 1965ರಲ್ಲಿ ಇದನ್ನು ಕಂಡುಹಿಡಿದ ಪೆಂಜಿಯಾಸ್ ಮತ್ತು ವಿಲ್ಸನ್ ಪ್ರಕಟಿಸಿದ್ದೂ 3.5 ಕೆಲ್ವಿನ್, ಆಚೀಚೆ 1.

ಡಿಶ್ ಬೇಡ. ಅದರ ಅಂಚಿನಾಚೆ 300 ಕೆಲ್ವಿನ್‌ನ ನೆಲ ಎಲ್‌ಎನ್‌ಬಿಗೆ ಕಾಣುತ್ತದೆ; ನೂರಕ್ಕೆ ಒಂದು ಪಾಲು ಸೋರಿದರೂ 3 ಕೆಲ್ವಿನ್, ಅಂದರೆ ನೀವು ಹುಡುಕುತ್ತಿರುವಷ್ಟೇ. ತಗಡಿನ ಕೆಲಸದವರಿಂದ 15 ಸೆಂ.ಮೀ. ಬಾಯಿಯ, ಆಲಿಕೆಯಂಥ ಹಾರ್ನ್ ಮಾಡಿಸಿ ಎಲ್‌ಎನ್‌ಬಿ ಮೂತಿಗೆ ಕೂರಿಸಿ. 11 ಗಿಗಾಹರ್ಟ್ಸ್‌ನಲ್ಲಿ ಅದರ ನೋಟ ಸುಮಾರು 13 ಡಿಗ್ರಿ ಅಗಲ. ಸಂಕೇತ ಓದಲು ಕಂಪ್ಯೂಟರಿಗೆ ಚುಚ್ಚುವ ಪುಟ್ಟ ರೇಡಿಯೊ ರಿಸೀವರ್ ಆರ್‌ಟಿಎಲ್-ಎಸ್‌ಡಿಆರ್ ಸಾಕು. ಎಲ್‌ಎನ್‌ಬಿಗೆ ಹೋಗುವ 13 ವೋಲ್ಟ್ ಅದರೊಳಗೆ ನುಗ್ಗದಂತೆ ನಡುವೆ ವಿದ್ಯುತ್ತನ್ನೂ ಸಂಕೇತವನ್ನೂ ಬೇರ್ಪಡಿಸುವ ಬಯಾಸ್-ಟೀ ಇರಲೇಬೇಕು. ಗೇನ್, ಅಂದರೆ ಸಂಕೇತ ಹಿಗ್ಗಿಸುವ ಪ್ರಮಾಣ, ತಾನಾಗಿ ಬದಲಾಗದಂತೆ ಆಟೊ ಗೇನ್ ಆಫ್ ಮಾಡಿ.

ಮೊದಲು ಹೋಲಿಕೆಗೆ ಉಷ್ಣತೆ ಗೊತ್ತಿರುವ ಎರಡು ಗುರುತು. ಬಿಸಿಯದಕ್ಕೆ ಇಂಗಾಲ ಬೆರೆತ ಕಪ್ಪು ಅಬ್ಸಾರ್ಬರ್ ಫೋಮ್ ಅನ್ನು ಹಾರ್ನ್ ಬಾಯಿಗೆ ಹಿಡಿದು ಓದಿ, ಅದರ ಉಷ್ಣತೆಯನ್ನು ಥರ್ಮಾಮೀಟರ್‌ನಲ್ಲಿ ನೋಡಿ. ತಣ್ಣನೆಯದಕ್ಕೆ ಅದೇ ಫೋಮ್ ಅನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ದ್ರವ ಸಾರಜನಕಕ್ಕೆ ಮುಳುಗಿಸಿ: 77 ಕೆಲ್ವಿನ್. ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳನ್ನು ಕಾಪಾಡುವುದು ಇದರಲ್ಲೇ. ಎಲ್ಲಿ ಸಿಗುತ್ತದೆಂದು ಪಶು ಆಸ್ಪತ್ರೆಯವರಿಗೆ ಗೊತ್ತಿರುತ್ತದೆ. ಬಯಲಲ್ಲೇ ಬಳಸಿ, ಮುಚ್ಚಳ ಬಿಗಿಯಬೇಡಿ, ಅಧ್ಯಾಪಕರು ಪಕ್ಕದಲ್ಲಿರಲಿ. ಬಿಸಿ ಫೋಮ್ 300 ಕೆಲ್ವಿನ್‌ನಲ್ಲಿದ್ದು ಅದರ ಓದು ತಣ್ಣನೆಯದರ 2.63 ಪಟ್ಟು ಬಂದರೆ ಉಪಕರಣದ ಸ್ವಂತ ಗದ್ದಲ ಸುಮಾರು 60 ಕೆಲ್ವಿನ್. ಆಮೇಲೆ ಹಾರ್ನ್ ಅನ್ನು ಆಕಾಶಕ್ಕೆ ತಿರುಗಿಸಿ ಓದಿದ್ದರಲ್ಲಿ ಇದನ್ನು ಕಳೆದರೆ ಆಕಾಶದ ಪಾಲು ಉಳಿಯುತ್ತದೆ.

ಅದರಲ್ಲಿ ವಾಯುಮಂಡಲದ್ದೂ ಕೆಲವು ಕೆಲ್ವಿನ್ ಇರುತ್ತದೆ. ಹಾರ್ನ್ ಬಗ್ಗಿಸುತ್ತ ನೆತ್ತಿಯಿಂದ 30, 45, 60 ಡಿಗ್ರಿಯಲ್ಲಿ ಓದಿ. ಗಾಳಿಯ ದಪ್ಪ ಕ್ರಮವಾಗಿ 1.15, 1.41, 2 ಪಟ್ಟು. ಈ ದಪ್ಪಕ್ಕೆ ಎದುರಾಗಿ ಓದುಗಳನ್ನು ಗುರುತಿಸಿದ ಗ್ರಾಫ್ ಗೆರೆಯನ್ನು ಗಾಳಿ ಸೊನ್ನೆಯಾಗುವ ತನಕ ಹಿಂದಕ್ಕೆ ಎಳೆದರೆ ಸಿಗುವುದೇ ಹಿನ್ನೆಲೆ, ಜೊತೆಗೆ ಸೋರಿಬಂದ ನೆಲದ ಬಿಸಿ. ಹಾರ್ನ್ ಬಗ್ಗಿಸುವುದು ಉತ್ತರ ದಿಕ್ಕಿಗೇ. ನಮ್ಮ ಸೀಮೆಯಲ್ಲಿ ಟಿವಿ ಉಪಗ್ರಹಗಳ ಸಾಲು ನೆತ್ತಿಯಿಂದ ದಕ್ಷಿಣಕ್ಕಿದೆ, ತೀರ ಹತ್ತಿರದ್ದು ಬರೀ 18–20 ಡಿಗ್ರಿ ದೂರ. ಅತ್ತ ತಿರುಗಿದರೆ ಓದು ಪೂರ್ತಿ ಕೆಡುತ್ತದೆ.

ಹೆಚ್ಚಿನವರು ಎಡವುವುದು ಗೇನ್ ಸರಿಯುವುದರಲ್ಲಿ. ಬಿಸಿಲಿಗೆ ಎಲ್‌ಎನ್‌ಬಿ ಕಾದು ಗೇನ್ ಶೇ. 1ರಷ್ಟು ಬದಲಾದರೂ 0.7 ಕೆಲ್ವಿನ್ ಸುಳ್ಳು. ಜನವರಿಯ ಒಣ ರಾತ್ರಿ ಆರಿಸಿ, ಅರ್ಧ ಗಂಟೆ ಮೊದಲೇ ಆನ್ ಮಾಡಿ, ಪ್ರತಿ ಸುತ್ತಿಗೂ ಬಿಸಿ ಫೋಮ್ ಮತ್ತೆ ಓದಿ. ತುಂಗಭದ್ರಾ ಕಾಲುವೆಯ ಗದ್ದೆ ಬಯಲಲ್ಲಿ ಇಬ್ಬನಿ ಬೀಳುತ್ತದೆ, ಹಾರ್ನ್ ಬಾಯಿ ಒರೆಸುತ್ತಿರಿ.

ಪ್ರಶ್ನೆ: ಈ ಹಿನ್ನೆಲೆ ವಿಕಿರಣ ನೋಡುವ ದೊಡ್ಡ ದೂರದರ್ಶಕವನ್ನು ಸಂಡೂರಿನ ಗುಡ್ಡದ ಮೇಲೆ ಇಡಬಾರದೇಕೆ?
– ಓದುಗರು, ರಾಯಚೂರು

ಉತ್ತರ: ತೋರಣಗಲ್ಲಿನ ಕಾರ್ಖಾನೆ ದೀಪಗಳು ಅಡ್ಡಿಯಲ್ಲ, ನೀರಾವಿ ಅಡ್ಡಿ. ದೊಡ್ಡ ದೂರದರ್ಶಕಗಳ ವಿಜ್ಞಾನಿಗಳು ನೋಡುವುದು 90, 150, 220 ಗಿಗಾಹರ್ಟ್ಸ್‌ನಲ್ಲಿ. ನಡುವೆ 183ರಲ್ಲಿ ನೀರಾವಿ ಗೋಡೆಯಂತೆ ನಿಲ್ಲುತ್ತದೆ. ಅವರಿಗೆ ಬೇಕಾದದ್ದು ಸರಾಸರಿ ಉಷ್ಣತೆಯಲ್ಲ, ಅದರಲ್ಲಿನ ಲಕ್ಷದಲ್ಲೊಂದು ಪಾಲಿನ ಏರಿಳಿತ. ತೇಲಿಹೋಗುವ ಆವಿ ಅದನ್ನು ನುಂಗಿಬಿಡುತ್ತದೆ. ಅದಕ್ಕೇ ಚಿಲಿಯ ಅಟಕಾಮಾದ 5,190 ಮೀಟರ್ ಎತ್ತರ, ಇಲ್ಲವೇ ಆವಿಯೇ ಇಲ್ಲದಷ್ಟು ಚಳಿಯ ದಕ್ಷಿಣ ಧ್ರುವ. ಸಂಡೂರಿನ ಗುಡ್ಡ ಸಾವಿರ ಮೀಟರ್ ಆಸುಪಾಸು. ಆವಿಯ ಬಹುಪಾಲು ಅದರ ಮೇಲೇ ಇರುತ್ತದೆ.