ಶಾಲೆಗೊಂದು, ಡೇರಿಗೊಂದು ಕನೆಕ್ಷನ್ ಯಾಕೆ?

(ಪತ್ರದ ಸಾರ: "ನಮ್ಮೂರಲ್ಲಿ ಶಾಲೆ, ಗ್ರಂಥಾಲಯ, ಹಾಲಿನ ಡೇರಿ, ಸ್ತ್ರೀಶಕ್ತಿ ಸಂಘ ಎಲ್ಲರೂ ಬೇರೆ ಬೇರೆಯಾಗಿ ಇಂಟರ್‌ನೆಟ್‌ಗೆ ದುಡ್ಡು ಕಟ್ಟುತ್ತಿದ್ದೇವೆ. ಯಾವುದೂ ಸರಿಯಾಗಿ ಓಡಲ್ಲ. ಎಲ್ಲರೂ ಸೇರಿ ಒಂದೇ ಜಾಲ ಮಾಡಿಕೊಳ್ಳಬಹುದಾ?" — ಒಬ್ಬ ಶಿಕ್ಷಕಿ, ತುಮಕೂರು ಜಿಲ್ಲೆ)

ಮೇಡಂ,

ಮಾಡಬಹುದು. ಮಾಡಿಕೊಂಡ ಊರುಗಳೂ ಇವೆ.

ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ ಲೂನ್ ಕಣಿವೆ ಅಂತ ಇದೆ. ಕುರಿ, ದನ ಸಾಕುವ ಹಳ್ಳಿಗಳು. ಮನೆಗಳು ದೂರ ದೂರ, ಹಾಗಾಗಿ ದೊಡ್ಡ ಕಂಪನಿಗಳಿಗೆ ಲೆಕ್ಕ ಕೂಡಿಬರಲಿಲ್ಲ. 2011ರಲ್ಲಿ ಊರವರೇ ಸೊಸೈಟಿ ಕಟ್ಟಿದರು. ಹೆಸರು ಬಿ4ಆರ್‌ಎನ್. ಬಾಯಲ್ಲಿ ‘ಬಾರ್ನ್’, ಅಂದರೆ ಕೊಟ್ಟಿಗೆ.

ಫೈಬರ್ ಎಳೆಯುವಾಗ ದುಡ್ಡು ಜಾಸ್ತಿ ತಿನ್ನುವುದು ಕೇಬಲ್ ಅಲ್ಲ, ನೆಲ ಅಗೆಯುವ ಕೆಲಸ. ಅದರಲ್ಲೂ ರಸ್ತೆ ಅಗೆದರೆ ಮುಗಿಯಿತು. ಇವರು ರಸ್ತೆ ಬಿಟ್ಟು ಹೊಲಕ್ಕಿಳಿದರು. ರೈತರು ಬಾಡಿಗೆ ಕೇಳದೆ ದಾರಿ ಬಿಟ್ಟುಕೊಟ್ಟರು. ಊರವರೇ ಅಗೆದು ಪೈಪು ಹೂತರು. ಆಮೇಲೆ ಕಂಪ್ರೆಸರ್ ಹಚ್ಚಿ, ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳಿರುವ ಕೇಬಲನ್ನು ಪೈಪಿನೊಳಗೆ ಗಾಳಿಯಿಂದ ಊದಿ ಕಳಿಸಿದರು. ಅಗೆದ ಕೂಲಿಯ ಬದಲು ಷೇರು ತೆಗೆದುಕೊಂಡವರೂ ಇದ್ದರು. ತಿಂಗಳಿಗೆ 30 ಪೌಂಡಿಗೆ ಮನೆಗೆ ಸೆಕೆಂಡಿಗೆ 1 ಗಿಗಾಬಿಟ್ ವೇಗದ ಇಂಟರ್‌ನೆಟ್ ಸಿಕ್ಕಿತು. ಶಾಲೆ, ಚರ್ಚುಗಳಿಗೆ ಪುಕ್ಕಟೆ.

ಸ್ಪೇನಿನ ಕಾಟಲೋನಿಯಾದಲ್ಲೂ ‘ಗಿಫಿ.ನೆಟ್’ ಅಂತ ಇಂಥದ್ದೇ ಒಂದಿದೆ. 2004ರಲ್ಲಿ ಮಾಳಿಗೆ ಮೇಲಿನ ವೈಫೈ ಆಂಟೆನಾಗಳಿಂದ ಶುರುವಾಗಿದ್ದು.

ನಮ್ಮಲ್ಲಿ ಅರ್ಧ ಕೆಲಸ ಸರ್ಕಾರದ ದುಡ್ಡಲ್ಲೇ ಆಗುತ್ತಿದೆ. ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸೋದು ಭಾರತ್‌ನೆಟ್‌ನ ಗುರಿ. ತೊಡಕು ಅದರಾಚೆ ಇದೆ. ಒಂದು ಪಂಚಾಯಿತಿಯಲ್ಲಿ ಕಣ್ಣಾರೆ ನೋಡಿದ್ದೇನೆ. ಬೀರುವಿನ ಪಕ್ಕ ಗೋಡೆಯ ಮೇಲೆ ಫೈಬರ್ ಬಂದು ಸೇರುವ ಪೆಟ್ಟಿಗೆ ಇತ್ತು, ಬ್ಯಾಟರಿ ಸತ್ತಿತ್ತು. ಕರೆಂಟು ಹೋದಾಗಲೆಲ್ಲ ಇಂಟರ್‌ನೆಟ್ಟೂ ಹೋಗುತ್ತಿತ್ತು. ಹೊಸ ಬ್ಯಾಟರಿ ಯಾರು ತರಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ನೂರು ಹೆಜ್ಜೆ ಆಚೆ, ಗ್ರಂಥಾಲಯದ ಮೆಟ್ಟಿಲ ಮೇಲೆ ಇಬ್ಬರು ಹುಡುಗಿಯರು ಮೊಬೈಲ್ ಮೇಲೆತ್ತಿ ಹಿಡಿದು ಸ್ಕಾಲರ್‌ಶಿಪ್ ಅರ್ಜಿ ಕಳಿಸಲು ಒದ್ದಾಡುತ್ತಿದ್ದರು. ಅವತ್ತಿನ ಬೇಜಾರು ಇನ್ನೂ ಹೋಗಿಲ್ಲ.

ಅದಕ್ಕೇ ಹೇಳುತ್ತೇನೆ, ಮೊದಲು ಕೇಬಲ್ ಕೊಳ್ಳಬೇಡಿ. ಕೆಟ್ಟ ದಿನ ಏಣಿ ಹತ್ತುವವರು ಯಾರು, ಅವರಿಗೆ ದುಡ್ಡು ಕೊಡುವವರು ಯಾರು, ಅದನ್ನು ಬರೆದಿಡಿ. ನಿಮ್ಮ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆಯುತ್ತಾರೆ, ಲೆಕ್ಕ ಬರೆಯುತ್ತಾರೆ, ವರ್ಷಕ್ಕೊಮ್ಮೆ ಸಭೆ ಕರೆದು ಎಲ್ಲರ ಮುಂದೆ ಓದುತ್ತಾರೆ, ಅಲ್ವಾ? ಜಾಲದ ಲೆಕ್ಕವೂ ಅಲ್ಲೇ ಇರಲಿ ಅನ್ನೋದು ನನ್ನ ಅಭಿಪ್ರಾಯ. ಪಂಚಾಯಿತಿ ಸದಸ್ಯರು ಐದು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಡೇರಿಗೆ ಜನ ದಿನಾ ಬರುತ್ತಾರೆ.

ಕಾನೂನಿನ ವಿಷಯ ಒಂದಿದೆ. ಒಂದು ಕನೆಕ್ಷನ್ ತೆಗೆದುಕೊಂಡು ಸುಮ್ನೆ ಊರಿಗೆಲ್ಲ ಮಾರುವಂತಿಲ್ಲ, ಲೈಸೆನ್ಸ್ ಬೇಕು. ಆದರೆ 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಅನ್ನೋ ಸಾರ್ವಜನಿಕ ವೈಫೈ ಯೋಜನೆಯಲ್ಲಿ ಅಂಗಡಿಯವರೂ ‘ಪಬ್ಲಿಕ್ ಡೇಟಾ ಆಫೀಸ್’, ಅಂದರೆ ಪಿಡಿಒ ಆಗಿ ವೈಫೈ ಕೊಡಬಹುದು. (ನಮ್ಮ ಪಂಚಾಯಿತಿ ಪಿಡಿಒ ಬೇರೆ, ಇದು ಬೇರೆ.) ಅದಕ್ಕೆ ಲೈಸೆನ್ಸೂ ಬೇಡ, ಶುಲ್ಕವೂ ಇಲ್ಲ. ನೋಂದಣಿ ಆಗಿರುವ ಒಂದು ಅಗ್ರಿಗೇಟರ್ (ಇಂಥ ಹಲವು ಆಫೀಸುಗಳನ್ನು ಒಟ್ಟುಗೂಡಿಸುವ) ಸಂಸ್ಥೆಯ ಜೊತೆ ಸೇರಿಕೊಂಡರೆ ಆಯಿತು.

ಈ ಭಾನುವಾರ ಮಕ್ಕಳನ್ನು ಕರೆದುಕೊಂಡು ಟೇಪು ಹಿಡಿದು ಹೊರಡಿ. ಪಂಚಾಯಿತಿಯಿಂದ ಶಾಲೆಗೆ, ಗ್ರಂಥಾಲಯಕ್ಕೆ, ಡೇರಿಗೆ ಎಷ್ಟೆಷ್ಟು ಮೀಟರ್ ಅಂತ ಅಳೆಯಿರಿ. ಮಧ್ಯೆ ಯಾರ ಜಮೀನು ಬರುತ್ತದೆ ಅನ್ನೋದನ್ನೂ ಗುರುತು ಹಾಕಿ, ನಕ್ಷೆ ನನಗೆ ಕಳಿಸಿ.

— ಸಂ.